ನಾಲ್ಕು ನಿಮಿಷದ ಏರಿಗೆ ಸೈಕಲ್ ಹೇಗೆ ತುಳಿಯಬೇಕು?

ಪ್ರಶ್ನೆ, ಶಿವಮೊಗ್ಗದಿಂದ:
ಗೆಳೆಯರೆಲ್ಲ ಸೇರಿ ಕುಂದಾದ್ರಿ ಬೆಟ್ಟದ ರಸ್ತೆಯಲ್ಲಿ ಒಂದು ತುಂಡು ಆರಿಸಿ ಪಂದ್ಯ ಇಟ್ಟುಕೊಂಡಿದ್ದೇವೆ. ಬರೀ ಏರು, ಹೆಚ್ಚೂಕಡಿಮೆ ನಾಲ್ಕು ನಿಮಿಷದ್ದು. ಶುರುವಿನಿಂದಲೇ ಪೂರ್ತಿ ಬಲ ಹಾಕು ಅಂತ ಒಬ್ಬ ಹೇಳುತ್ತಾನೆ, ಕೊನೆಗೆ ಉಳಿಸಿಕೋ ಅಂತ ಇನ್ನೊಬ್ಬ. ಯಾವುದು ಸರಿ?

ಉತ್ತರ, ತೀರ್ಥಹಳ್ಳಿಯಿಂದ:
ಎಷ್ಟು ಹೊತ್ತಿನ ಪಂದ್ಯ ಅನ್ನೋದರ ಮೇಲೆ ಹೋಗುತ್ತದೆ ಮಾರಾಯ್ರೇ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಸೈಕಲ್ ಪಟು ಕ್ರಿಸ್ ಹೋಯ್ ಟ್ರ್ಯಾಕಿನಲ್ಲಿ 1 ಕಿಲೋಮೀಟರನ್ನು 1 ನಿಮಿಷ 0.711 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಆ ಪಂದ್ಯದಲ್ಲಿ ಮೊದಲಿನಿಂದಲೇ ಎಲ್ಲ ಬಲ ಹಾಕಬೇಕು. ಕೊನೇ ಸುತ್ತಿನಲ್ಲಿ ವೇಗ ಇಳಿದರೂ ಲಾಭವೇ. ಗೆರೆ ದಾಟಿದ ಮೇಲೆ ಉಳಿದ ವೇಗ ಯಾರಿಗೆ ಬೇಕು?

ನಿಮ್ಮದು ಹಾಗಲ್ಲ. ನಾಲ್ಕು ನಿಮಿಷದಲ್ಲಿ ಹೆಚ್ಚಿನ ಶಕ್ತಿ ಆಮ್ಲಜನಕದಿಂದಲೇ ಬರಬೇಕು. ಅದು ಸ್ನಾಯುವಿಗೆ ಪೂರ್ತಿ ಸಿಗಲು ಒಂದೆರಡು ನಿಮಿಷ ಹಿಡಿಯುತ್ತದೆ. ಮೊದಲ ಹತ್ತು ಹದಿನೈದು ಸೆಕೆಂಡು ಚುರುಕಾಗಿ ಹೊರಟರೆ ಆ ಕೆಲಸ ಬೇಗ ಶುರುವಾಗುತ್ತದೆ. ಆಮೇಲೆ ತಕ್ಷಣ ಹದಕ್ಕೆ ಬನ್ನಿ. ಆಗ ಕಾಲು ಹಗುರ ಅನ್ನಿಸುತ್ತಿರುತ್ತದೆ. ಅದನ್ನು ನಂಬಬೇಡಿ. ಸ್ನಾಯುವಿನಲ್ಲಿ ಕೂಡಿಟ್ಟ, ತಕ್ಷಣಕ್ಕೆ ಶಕ್ತಿ ಕೊಡುವ ಕ್ರಿಯಾಟಿನ್ ಫಾಸ್ಫೇಟ್ ಕರಗುತ್ತಿರುವ ಹೊತ್ತು ಅದು. ಅದೇ ಜೋರಿನಲ್ಲಿ ಇನ್ನರ್ಧ ನಿಮಿಷ ತುಳಿದರೆ ಎರಡನೇ ನಿಮಿಷಕ್ಕೇ ಕಾಲು ಕಲ್ಲಾಗುತ್ತದೆ.

ನಮ್ಮ ಕಡೆಯ ರಸ್ತೆಗೆ ಇನ್ನೊಂದು ಲೆಕ್ಕ ಇದೆ. ಏರು ಒಂದೇ ಸಮ ಇರಲ್ಲ ಅಲ್ವಾ? ಕಡಿದಾದ ಕಡೆ ಸ್ವಲ್ಪ ಜಾಸ್ತಿ ಒತ್ತಿ, ಸಮತಟ್ಟು ಸಿಕ್ಕಾಗ ಸ್ವಲ್ಪ ಬಿಡಿ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ, ವೇಗ ಎರಡು ಪಟ್ಟಾದರೆ ಎಂಟು ಪಟ್ಟಾಗುತ್ತದೆ. ಸಮತಟ್ಟಿನಲ್ಲಿ ಹಾಕಿದ ಹೆಚ್ಚಿನ ಬಲವನ್ನು ಗಾಳಿಯೇ ತಿನ್ನುತ್ತದೆ. ಏರಿನಲ್ಲಿ ವೇಗವೇ ಕಮ್ಮಿ, ಹಾಕಿದ್ದು ನೇರವಾಗಿ ಸಮಯ ಉಳಿಸುತ್ತದೆ. ತಿರುವಿನ ಒಳಮಗ್ಗುಲು ಜಾಸ್ತಿ ಕಡಿದು. ವಾಹನ ಇಲ್ಲದಿದ್ದರೆ ಹೊರಗಿನಿಂದ ಹೋಗಿ.

ಉತ್ತರ, ಸಾಗರದಿಂದ:
ಮೇಲಿನ ಮಾತು ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಮಂಜಿನಲ್ಲಿ ಕಾರಿನಿಂದ ಸೈಕಲ್ ಇಳಿಸಿ ಹಾಗೇ ಹೊರಟರೆ ಇದ್ಯಾವುದೂ ನಡೆಯಲ್ಲ. ಮೊದಲು ಹದಿನೈದು ಇಪ್ಪತ್ತು ನಿಮಿಷ ಕೆಳಗಿನ ರಸ್ತೆಯಲ್ಲಿ ಓಡಾಡಿ, ನಡುವೆ ಒಂದೆರಡು ಸಲ ಜೋರಾಗಿ ತುಳಿಯಿರಿ. ಆಮೇಲೆ ಐದಾರು ನಿಮಿಷ ಸುಮ್ನೆ ಸುತ್ತಿ. ಮೈ ಬಿಸಿಯಾಗಿದ್ದರೆ ಆಮ್ಲಜನಕವೂ ಬೇಗ ಬರುತ್ತದೆ.

ಪ್ರಶ್ನೆ ಕೇಳಿದವರು:
ಸರ್, ತುಳಿಯುವ ಬಲ ಅಳೆಯುವ ಪವರ್ ಮೀಟರ್ ನನ್ನ ಹತ್ತಿರ ಇಲ್ಲ. ಹೃದಯ ಬಡಿತ ತೋರಿಸುವ ವಾಚ್ ಇದೆ. ಸಾಕಾ?

ಉತ್ತರ, ತೀರ್ಥಹಳ್ಳಿಯಿಂದ:
ಇಷ್ಟು ಚಿಕ್ಕ ಪಂದ್ಯಕ್ಕೆ ಬಡಿತ ಕೆಲಸಕ್ಕೆ ಬರಲ್ಲ. ಕಾಲು ಜೋರು ಮಾಡಿದ ಎಷ್ಟೋ ಹೊತ್ತಿನ ಮೇಲೆ ಅದು ಏರುತ್ತದೆ. ಉಸಿರು ನೋಡಿ. ಮೊದಲ ನಿಮಿಷದಲ್ಲೇ ಬಾಯಿ ತೆರೆದು ಏದುಸಿರು ಬಿಟ್ಟರೆ ಒಂದು ಗೇರ್ ಇಳಿಸಿ. ಪಂದ್ಯಕ್ಕೆ ಮುಂಚೆ ಅದೇ ತುಂಡನ್ನು ಬೇರೆ ಬೇರೆ ದಿನ ತುಳಿದು, ಅರ್ಧದಲ್ಲಿರುವ ಯಾವುದಾದರೂ ಮರದ ಹತ್ತಿರ ಎಷ್ಟು ಸಮಯವಾಯಿತು ಅಂತ ಬರೆದುಕೊಳ್ಳಿ. ಕೆಳಗಿನ ಅರ್ಧ ಬೇಗ ಮುಗಿದ ದಿನ ಒಟ್ಟು ಸಮಯ ಕೆಟ್ಟಿದ್ದರೆ, ಶುರುವನ್ನು ತಗ್ಗಿಸಿ.