‘ಇಮ್ಮರ್ಸಿವ್’ ಆಟಕ್ಕೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಪದವಿಯ ಮೊದಲ ವರ್ಷದವರಿಗೆ ಆಟದ ಮೂಲಕ ಕಂಪ್ಯೂಟರ್ ಸುರಕ್ಷತೆ ಕಲಿಸುವ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ತಲೆಬರಹದಲ್ಲೇ ತೊಡಕು. ಆಡುವವರು ತಾವೇ ಅದರೊಳಗೆ ಇದ್ದೇವೆ ಎನ್ನಿಸುವಂಥ ‘ಇಮ್ಮರ್ಸಿವ್ ಗೇಮ್’ ಎಂಬುದನ್ನು ಏನೆಂದು ಕರೆಯುವುದು?

‘ತಲ್ಲೀನ’, ‘ಮಗ್ನ’ ಎಂಬವು ಆಡುವವರಿಗೆ ಸಲ್ಲುವ ಪದಗಳು. ‘ತಲ್ಲೀನ ಆಟ’ ಎಂದರೆ ಆಟವೇ ಧ್ಯಾನಕ್ಕೆ ಕುಳಿತಂತಾಗುತ್ತದೆ. ‘ಮುಳುಗಿಸುವ ಆಟ’ ಎಂದರೆ ಜೂಜಿನ ನೆನಪು. ‘ಮೈಮರೆಸುವ ಆಟ’ ಕಿವಿಗೆ ಹಿತ, ಆದರೆ ಇಲ್ಲಿ ಕಲಿಸಬೇಕಾದದ್ದೇ ಮೈಮರೆಯದಿರುವುದನ್ನು!

‘ಬ್ಯಾಂಡಿಟ್’ ಎಂಬ ಆಟವನ್ನೇ ನೋಡಿ. ಒಂದು ಹಂತದಲ್ಲಿ ಅಡಗಿರುವ ಪಾಸ್‌ವರ್ಡ್ ಸಿಕ್ಕರೆ ಮುಂದಿನ ಹಂತದ ಬಾಗಿಲು ತೆರೆಯುತ್ತದೆ. ಶುರುವಿನಲ್ಲೇ ಎದುರಾಗುವ ಒಂದು ಕಡತದ ಹೆಸರು ಬರೀ ಅಡ್ಡಗೆರೆ. ಕಡತದಲ್ಲಿರುವುದನ್ನು ತೆರೆಯ ಮೇಲೆ ತೋರಿಸುವ ‘ಕ್ಯಾಟ್’ ಆದೇಶದ ಮುಂದೆ ಆ ಗೆರೆಯನ್ನು ಹಾಕಿದರೆ ಕಡತ ತೆರೆಯುವುದಿಲ್ಲ. ಆ ಗೆರೆಗೆ ‘ಕೀಲಿಮಣೆಯಿಂದ ಓದಿಕೋ’ ಎಂಬ ಅರ್ಥವಿರುವುದರಿಂದ ಕಂಪ್ಯೂಟರ್ ನಮಗಾಗಿ ಕಾಯುತ್ತದೆ, ನಾವು ಅದಕ್ಕಾಗಿ ಕಾಯುತ್ತೇವೆ. ಹೆಸರಿಗೆ ಮೊದಲು ಒಂದು ಚುಕ್ಕಿ, ಒಂದು ಓರೆಗೆರೆ ಸೇರಿಸಿದರೆ ಗುಟ್ಟು ರಟ್ಟು. ಅಷ್ಟು ಹೊತ್ತಿಗೆ ಆಡುವವರು ಕಳ್ಳನ ಕಣ್ಣಿನಿಂದ ನೋಡಲು ಶುರುಮಾಡಿರುತ್ತಾರೆ.

ಹಾಗಾಗಿ ನನ್ನ ಒಲವು ‘ಒಳಹೊಕ್ಕು ಆಡುವ ಆಟ’ದ ಕಡೆಗೆ. ನಟ ಪಾತ್ರದೊಳಗೆ ಹೊಕ್ಕ ಎನ್ನುತ್ತೇವಲ್ಲ, ಅದೇ ‘ಹೊಗು’. ಬೇರೆಯವರ ಗಣಕಕ್ಕೆ ನುಗ್ಗುವ ಛಾಯೆಯೂ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ತಲೆಬರಹಕ್ಕೆ ಇದು ಉದ್ದ. ‘ಒಳಹೊಕ್ಕಾಟ’ ಎಂದು ಬೆಸೆದರೆ ತಿಕ್ಕಾಟದ ತಮ್ಮನಂತೆ ಕೇಳಿಸುತ್ತದೆ.

ತೊಡಕಿನ ಇನ್ನೊಂದು ಪದ, ಕಂಪ್ಯೂಟರ್ ಸುರಕ್ಷತೆಯ ಸ್ಪರ್ಧೆಗಳಿಗಿರುವ ‘ಕ್ಯಾಪ್ಚರ್ ದ ಫ್ಲ್ಯಾಗ್’ ಎಂಬ ಹೆಸರು. ಹ್ಯಾಕರ್‌ಗಳ ಡೆಫ್ ಕಾನ್ ಸಮ್ಮೇಳನದಲ್ಲಿ 1996ರಲ್ಲಿ ಶುರುವಾದ ಈ ಬಗೆಯ ಸ್ಪರ್ಧೆಯನ್ನು ಹೊಸಬರಿಗೆ ಹೊಂದಿಸಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2013ರಲ್ಲಿ ‘ಪಿಕೊಸಿಟಿಎಫ್’ ತಂದರು. ‘ಬಾವುಟ ಹಿಡಿ’ ಎಂದರೆ ಮೆರವಣಿಗೆಯ ಮುಂದೆ ನಡೆ ಎಂದಂತೆ. ಇಲ್ಲಿನ ಬಾವುಟವೋ ಎಲ್ಲೋ ಬಚ್ಚಿಟ್ಟ ಒಂದು ಅಕ್ಷರಸಾಲು. ‘ಬಾವುಟ ಬೇಟೆ’ ಆದೀತೇ?

ಕಂಪ್ಯೂಟರಿನೊಳಗೆ ನುಗ್ಗಲು ಎಡೆಕೊಡುವ ಲೋಪಕ್ಕೆ, ಅಂದರೆ ‘ವಲ್ನರಬಿಲಿಟಿ’ಗೆ, ‘ದೌರ್ಬಲ್ಯ’ ಎನ್ನುವ ರೂಢಿ ನನಗೆ ಒಗ್ಗದು, ಅದು ಮನುಷ್ಯರ ಗುಣದಂತಿದೆ. ಗೋಡೆಯಲ್ಲಿ ಮೊದಲೇ ಇರುವುದು ‘ಬಿರುಕು’, ಅದನ್ನು ಬಳಸಿ ಕಳ್ಳ ಕೊರೆಯುವುದು ‘ಕನ್ನ’. ‘ಖಾತೆಗೆ ಕನ್ನ’ ಎಂದು ಪತ್ರಿಕೆಗಳು ಬರೆಯುತ್ತಲೇ ಇವೆ. ‘ಎಕ್ಸ್‌ಪ್ಲಾಯ್ಟ್’ಗೆ ಅದನ್ನೇ ಇಟ್ಟುಕೊಂಡಿದ್ದೇನೆ.

ಈಗ ಬೇಕಿರುವುದು ‘ಹೊಗು’ವಿನಿಂದ, ಬೇಕಾದರೆ ಹಳಗನ್ನಡದ ‘ಪುಗು’ವಿನಿಂದಲೇ, ಹುಟ್ಟಿದ ಒಂದು ಚಿಕ್ಕ ಪದ. ಯಾರಿಗಾದರೂ ಹೊಳೆದರೆ ತಿಳಿಸಿ.