ಹೊಸ ಬೇಟೆ ರೈಫಲ್: ಗುಂಡು ಹಾರಿಸದೆ ನಿಖರತೆ ಅಂದಾಜು ಮಾಡುವುದು ಹೇಗೆ?

ಪ್ರಶ್ನೆ:
.308 ವಿಂಚೆಸ್ಟರ್‌ನ ಹೊಸ ಬೋಲ್ಟ್ ಆಕ್ಷನ್ ರೈಫಲ್ ನೋಡಿದ್ದೇನೆ. ಜೊತೆಗೆ ಕಂಪನಿಯವರೇ ಹೊಡೆದು ಕೊಟ್ಟ ಟಾರ್ಗೆಟ್ ಹಾಳೆ ಇದೆ: 100 ಗಜಕ್ಕೆ ಮೂರು ಗುಂಡು, 0.6 ಇಂಚಿನ ಗ್ರೂಪ್ (ಗುಂಡು ಬಿದ್ದ ಗುರುತುಗಳ ನಡುವಿನ ಗರಿಷ್ಠ ದೂರ). ಆದರೆ ಬ್ಯಾರೆಲ್ ಕೆಳಗೆ ಕಾಗದದ ಪಟ್ಟಿ ತೂರಿಸಿದರೆ ಸ್ಟಾಕಿನ (ಬ್ಯಾರೆಲ್ ಕೂರುವ ಮರದ ಅಥವಾ ಪ್ಲಾಸ್ಟಿಕ್ ಹಿಡಿ) ಮುಂತುದಿಯಲ್ಲೇ, ಎಡಗಡೆ ಸಿಕ್ಕಿಕೊಳ್ಳುತ್ತದೆ. ಅಂಗಡಿಯವರು ಹೊಡೆದು ನೋಡಲು ಬಿಡುವುದಿಲ್ಲ. ಟಾರ್ಗೆಟ್ ನಂಬಲೋ, ಕಾಗದ ನಂಬಲೋ?

ಉತ್ತರ 1:
ಕಾಗದ ನಂಬಿ. ಮೂರು ಗುಂಡಿನ ಒಂದೇ ಗ್ರೂಪ್‌ನಿಂದ ಏನೂ ಸಾಬೀತಾಗುವುದಿಲ್ಲ. ಅದೇ ರೈಫಲ್, ಅದೇ ತೋಟಾ ಇದ್ದರೂ ಐದು ಗುಂಡಿನ ಗ್ರೂಪ್ ಸರಾಸರಿ ಕಾಲುಪಾಲು ದೊಡ್ಡದಾಗುತ್ತದೆ, ಹತ್ತು ಗುಂಡಿನದು ಒಂದೂವರೆ ಪಟ್ಟು ದಾಟುತ್ತದೆ. ಪೆಟ್ಟಿಗೆಯಲ್ಲಿ ಬರುವುದು ಚೆನ್ನಾಗಿ ಬಿದ್ದ ಹಾಳೆ.

ತೆಳು ಬ್ಯಾರೆಲ್‌ಗಳಿಗೆ ಕೆಲವರು ಬೇಕೆಂದೇ ಮುಂತುದಿಯಲ್ಲಿ ಕೆಳಗಿನಿಂದ ಒತ್ತು ಕೊಡುತ್ತಾರೆ. ಅದು ಎರಡೂ ಬದಿಗೆ ಸಮನಾಗಿರುತ್ತದೆ. ಒಂದೇ ಬದಿ ತಾಗಿದರೆ ಸ್ಟಾಕ್ ಸೊಟ್ಟಗಿದೆ, ಇಲ್ಲವೇ ಆಕ್ಷನ್ (ಬೋಲ್ಟ್ ಓಡಾಡುವ ಲೋಹದ ಭಾಗ) ಸರಿಯಾಗಿ ಕೂತಿಲ್ಲ. ಬ್ಯಾರೆಲ್ ಬಿಸಿಯಾದಂತೆ ಒತ್ತಡ ಬದಲಾಗಿ ಗುಂಡುಗಳು ಪಕ್ಕಕ್ಕೆ ಸರಿಯುತ್ತ ಹೋಗುತ್ತವೆ.

ಆಕ್ಷನ್ ಅನ್ನು ಸ್ಟಾಕಿಗೆ ಬಿಗಿಯುವ ಸ್ಕ್ರೂಗಳನ್ನು ಅಂಗಡಿಯವರಿಂದಲೇ ಸಡಿಲ ಮಾಡಿಸಿ. ಹಿಡಿಯ ಹಿಂತುದಿ ನೆಲಕ್ಕೂರಿ ರೈಫಲ್ ನೆಟ್ಟಗೆ ನಿಲ್ಲಿಸಿದರೆ ರಿಕಾಯ್ಲ್ ಲಗ್ (ಹಾರಿಸಿದಾಗಿನ ಹಿಂದೊದೆತವನ್ನು ಸ್ಟಾಕಿಗೆ ದಾಟಿಸುವ ಗೂಟ) ಹಿಂದಕ್ಕೆ ಕೂರುತ್ತದೆ. ಆಮೇಲೆ ಮುಂದಿನ ಸ್ಕ್ರೂ ಮೊದಲು, ಹಿಂದಿನದು ನಂತರ, ಕೈಪಿಡಿಯಲ್ಲಿ ಹೇಳಿದಷ್ಟೇ ಟಾರ್ಕ್ (ತಿರುಗಿಸಿ ಬಿಗಿಯುವ ಬಲ).

ಉತ್ತರ 2:
ಇನ್ನೊಂದು ಸೇರಿಸಿ. ಬ್ಯಾರೆಲ್ ಮತ್ತು ಸ್ಟಾಕ್ ಎರಡಕ್ಕೂ ತಾಗುವಂತೆ ಮುಂತುದಿಯಲ್ಲಿ ಬೆರಳಿಟ್ಟುಕೊಂಡು ಮುಂದಿನ ಸ್ಕ್ರೂ ಸಡಿಲಿಸಿ. ಬೆರಳ ಕೆಳಗೆ ಬ್ಯಾರೆಲ್ ಜಿಗಿದಂತೆ ಅನ್ನಿಸಿದರೆ ಆಕ್ಷನ್ ಬಾಗಿದ ಸ್ಥಿತಿಯಲ್ಲಿ ಬಿಗಿಯಾಗಿದೆ, ಬೆಡ್ಡಿಂಗ್ (ಸ್ಟಾಕಿನಲ್ಲಿ ಆಕ್ಷನ್ ಕೂರುವ ಜಾಗ ಸರಿಪಡಿಸುವುದು) ಬೇಕು. ಪ್ಲಾಸ್ಟಿಕ್ ಸ್ಟಾಕ್ ಆದರೆ ಅದರ ಮುಂಭಾಗವನ್ನು ಹೆಬ್ಬೆರಳಿನಿಂದ ಬ್ಯಾರೆಲ್ ಕಡೆಗೆ ಒತ್ತಿ ನೋಡಿ; ಅಷ್ಟಕ್ಕೇ ಬ್ಯಾರೆಲ್‌ಗೆ ತಾಗಿದರೆ ಬೈಪಾಡ್ (ಮುಂದಿನ ಎರಡು ಕಾಲಿನ ಆಸರೆ) ಹಾಕಿದಾಗಲೂ ತಾಗುತ್ತದೆ.

ಚೇಂಬರ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು ಬೋಲ್ಟ್ ತೆಗೆಯಿರಿ. ಬ್ಯಾರೆಲ್ ತುದಿಯ ಕ್ರೌನ್ (ಗುಂಡು ಹೊರಬೀಳುವ ಬಾಯಿಯ ಅಂಚು) ಮೇಲೆ ಹತ್ತಿಕಡ್ಡಿಯನ್ನು ಒಳಗಿನಿಂದ ಹೊರಕ್ಕೆ, ಸುತ್ತಲೂ ಎಳೆಯಿರಿ. ಎಳೆ ಸಿಕ್ಕಿದ ಕಡೆ ಬರ್ (ಲೋಹದ ಚೂಪು ಮುಳ್ಳು) ಇದೆ, ಆ ರೈಫಲ್ ಬಿಡಿ. ಒಳಗಿನ ಸಣ್ಣ ಟೂಲ್ ಗೆರೆಗಳಿಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಬೋರ್‌ಸ್ಕೋಪ್ (ಬ್ಯಾರೆಲ್ ಒಳಗೆ ನೋಡುವ ಕ್ಯಾಮೆರಾ) ಕೊಂಡವರಿಗೆಲ್ಲ ಆ ಕಾಯಿಲೆ ಬರುತ್ತದೆ.

ಟ್ರಿಗರ್ ಹತ್ತು ಸಲ ಗೇಜ್‌ನಲ್ಲಿ ಎಳೆದು ನೋಡಿ. 1.1ರಿಂದ 1.6 ಕೆಜಿ ಬೇಟೆಗೆ ಹದ. ಸಲಸಲಕ್ಕೂ ಬೇರೆ ಅಂಕಿ ಬರುವುದು, ಭಾರವಿರುವುದಕ್ಕಿಂತ ಕೆಟ್ಟದ್ದು.

ಪ್ರಶ್ನೆ ಕೇಳಿದವರು:
ಮತ್ತೆ ಬಿಗಿದ ಮೇಲೆ ಕಾಗದ ಚೇಂಬರ್ ಹತ್ತಿರದವರೆಗೂ ಸಲೀಸಾಗಿ ಹೋಗುತ್ತಿದೆ, ಬೆರಳಿಗೆ ಜಿಗಿತ ಗೊತ್ತಾಗಲಿಲ್ಲ. ಟ್ವಿಸ್ಟ್ 1:12 (ಬ್ಯಾರೆಲ್ ಒಳಗಿನ ಸುರುಳಿ ಗೆರೆ 12 ಇಂಚಿಗೆ ಒಂದು ಸುತ್ತು). ತೊಂದರೆಯೇ?

ಉತ್ತರ 1:
150–168 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿಗೆ ತೊಂದರೆಯಿಲ್ಲ. 180ಕ್ಕೆ ಮೇಲಿನ ಉದ್ದ ಗುಂಡು ಬೇಕಿದ್ದರೆ 1:10 ಹುಡುಕಿ.

ಕೊಂಡ ಮೇಲೆ ಮೂರು ಬಗೆ ತೋಟಾ ತಂದು ತಲಾ ಎರಡು ಸಲ ಐದೈದು ಹೊಡೆಯಿರಿ; ನಡುವೆ ಬ್ಯಾರೆಲ್ ಮೇಲೆ ಅಂಗೈ ಆರಾಮವಾಗಿ ಇಡುವಷ್ಟು ತಣ್ಣಗಾಗಲಿ. ಗುಂಡುಗಳು ಎರಡು ಕಡೆ ಗುಂಪು ಕಟ್ಟಿದರೆ ಮೊದಲು ಸ್ಕೋಪ್ ರಿಂಗ್ ಸ್ಕ್ರೂ ನೋಡಿ, ಬ್ಯಾರೆಲ್ ಬೈಯುವುದು ಆಮೇಲೆ. 1.5 ಎಂಓಎ (ಕೋನದ ಅಳತೆ; ಒಂದು ಎಂಓಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದರೆ 200 ಮೀಟರಿಗೆ 8.7 ಸೆಂ.ಮೀ. ಜಿಂಕೆಯ ಮರ್ಮಸ್ಥಾನ ಸುಮಾರು 20 ಸೆಂ.ಮೀ. ಐದು ಗುಂಡಿಗೆ ಅಷ್ಟು ಕೊಟ್ಟರೆ ಇಟ್ಟುಕೊಳ್ಳಿ.