‘ಆಫ್‌ಸೆಟ್’ಗೆ ಪಾಸಂಗ ಅನ್ನಬಹುದೇ? ‘ಫೀಡ್‌ಬ್ಯಾಕ್’ಗೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಜಮಖಂಡಿಯಲ್ಲಿ ಡಿಪ್ಲೊಮಾ ಮಕ್ಕಳ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಬಹಳಷ್ಟು ಮಕ್ಕಳು ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿ ಬಂದವರು. ಅವರಿಗಾಗಿ ಲ್ಯಾಬ್ ಹಾಳೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ರೆಸಿಸ್ಟರ್, ಕೆಪಾಸಿಟರ್, ವೋಲ್ಟೇಜ್, ಗೇನ್ (ಸಿಗ್ನಲ್ ಎಷ್ಟು ಪಟ್ಟು ಬೆಳೆಯುತ್ತದೆ ಅನ್ನುವುದು) ಎಲ್ಲ ಹಾಗೇ ಇರಲಿ, ಅವಕ್ಕೆ ಯಾರೂ ತಡವರಿಸುವುದಿಲ್ಲ. ಆದರೆ ಆಫ್‌ಸೆಟ್ ಮತ್ತು ಫೀಡ್‌ಬ್ಯಾಕ್ ಅನ್ನುವ ಎರಡು ಪದಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಒಳಗೆ ಇಳಿಯುವುದಿಲ್ಲ. ಇವೆರಡಕ್ಕೆ ನಿಮ್ಮ ಅಭಿಪ್ರಾಯ ಬೇಕು.

ಮೊದಲು ಆಫ್‌ಸೆಟ್. ಆಪ್-ಆಂಪ್ ಅಂದರೆ ಎರಡು ಇನ್‌ಪುಟ್‌ಗಳ ನಡುವಿನ ವ್ಯತ್ಯಾಸವನ್ನು ಬಹಳ ಪಟ್ಟು ಬೆಳೆಸುವ ಐಸಿ. ಅದರ ಎರಡೂ ಇನ್‌ಪುಟ್‌ಗೆ ಒಂದೇ ವೋಲ್ಟೇಜ್ ಕೊಟ್ಟರೆ ಔಟ್‌ಪುಟ್ ಸೊನ್ನೆ ಇರಬೇಕು. ಇರುವುದಿಲ್ಲ. ಒಳಗಿನ ಜೋಡಿ ಟ್ರಾನ್ಸಿಸ್ಟರ್‌ಗಳಲ್ಲಿ ಅಷ್ಟಿಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಈ ಹೆಚ್ಚುಕಮ್ಮಿಯನ್ನು ಇನ್‌ಪುಟ್ಟಿನ ವೋಲ್ಟೇಜಿನ ಲೆಕ್ಕದಲ್ಲಿ ಹೇಳಿದರೆ ಅದೇ ಆಫ್‌ಸೆಟ್. 741 ಅನ್ನುವ ಹಳೇ ಆಪ್-ಆಂಪಿನಲ್ಲಿ ಇದು ಸಾಮಾನ್ಯವಾಗಿ 1–2 ಮಿಲಿವೋಲ್ಟ್. ಇಷ್ಟೇನಾ ಅಂತ ಹುಡುಗರು ಕೇಳುತ್ತಾರೆ. ಕಬ್ಬಿನ ಕಾಟಾದ (ಕಬ್ಬನ್ನು ಟ್ರಾಕ್ಟರ್ ಸಮೇತ ತೂಗುವ ವೇಬ್ರಿಜ್ಜಿನ) ಲೆಕ್ಕ ಕೊಟ್ಟರೆ ಗೊತ್ತಾಗುತ್ತದೆ. ಕಾಟಾದ ಕೆಳಗಿನ, ಭಾರಕ್ಕೆ ತಕ್ಕಷ್ಟು ವೋಲ್ಟೇಜ್ ಕೊಡುವ ಲೋಡ್ ಸೆಲ್‌ಗೆ 10 ವೋಲ್ಟ್ ಕೊಟ್ಟರೆ, ಪೂರ್ತಿ ಭಾರ ಬಿದ್ದಾಗ ಅದು ತಿರುಗಿ ಕೊಡುವುದು ಸಾಮಾನ್ಯವಾಗಿ ಬರೀ 20 ಮಿಲಿವೋಲ್ಟ್. ಪೂರ್ತಿ ಭಾರ 50 ಟನ್ ಅಂತ ಇಟ್ಟುಕೊಳ್ಳಿ. ಅಲ್ಲಿ 741 ಹಾಕಿದರೆ, 2 ಮಿಲಿವೋಲ್ಟ್ ಆಫ್‌ಸೆಟ್ ಅಂದರೆ ಖಾಲಿ ಕಾಟಾದ ಮೇಲೆ 5 ಟನ್ ತೋರಿಸಿದ ಹಾಗೆ!

ಇದಕ್ಕೆ ‘ಶೂನ್ಯ ದೋಷ’ ಅನ್ನಬಹುದು. ವರ್ನಿಯರ್ ಪಾಠದಲ್ಲಿ ಮಕ್ಕಳು ಕಲಿತ ಪದವೇ. ಆದರೆ ಅದು ಅಳತೆಯ ಓದಿನಲ್ಲಿ ಕಾಣುವ ತಪ್ಪು. ಆಫ್‌ಸೆಟ್ ಇರುವುದು ಇನ್‌ಪುಟ್ಟಿನಲ್ಲೇ, ಹುಟ್ಟಿನಿಂದಲೇ. ‘ಪಲ್ಲಟ’ ಅಂತ ಬರೆಯಬಹುದು ಅಂದರೆ, ಅದರಲ್ಲಿ ಜಾಗ ಬದಲಿಸುವ ಅರ್ಥ ಇದೆ. ಬಿಸಿಲೇರಿದಂತೆ ಆಫ್‌ಸೆಟ್ ಸರಿಯುತ್ತಾ ಹೋಗುತ್ತದಲ್ಲ, ಆ ಡ್ರಿಫ್ಟ್‌ಗೆ ಪಲ್ಲಟ ಚೆನ್ನಾಗಿ ಒಪ್ಪುತ್ತದೆ. ಅದನ್ನು ಅದಕ್ಕೇ ಉಳಿಸೋಣ.

ನನ್ನ ಮನಸ್ಸಿನಲ್ಲಿರುವುದು ಪಾಸಂಗ. ತಕ್ಕಡಿಯ ಎರಡೂ ತಟ್ಟೆ ಖಾಲಿ ಇದ್ದಾಗಲೂ ದಂಡಿಗೆ ಒಂದು ಕಡೆ ವಾಲುತ್ತದಲ್ಲ, ಆ ವಾಲಿಗೆ ನಮ್ಮ ಪ್ಯಾಟೆಯ ಹಳೇ ವ್ಯಾಪಾರಸ್ಥರು ಪಾಸಂಗ ಅನ್ನುತ್ತಾರೆ. ಮರಾಠಿ, ಹಿಂದಿಯಲ್ಲೂ ಇದೇ ಪದ ಇದೆ. ತೊಡಕು ಒಂದೇ. ಆ ವಾಲು ಸರಿ ಮಾಡಲು ಹಗುರಾದ ಕಡೆ ಕಟ್ಟುವ ಚೂರಿಗೂ ಪಾಸಂಗ ಅಂತಲೇ ಹೆಸರು. ಇಂಗ್ಲಿಷಿನಲ್ಲೂ ಹಾಗೇ, ತಪ್ಪಿಗೂ ಆಫ್‌ಸೆಟ್, ತಪ್ಪನ್ನು ತುಂಬುವುದಕ್ಕೂ ಆಫ್‌ಸೆಟ್. ಲ್ಯಾಬ್ ಹಾಳೆಯಲ್ಲಿ ಈ ಗೊಂದಲ ಬೇಡ. ತಪ್ಪಿಗೆ ಪಾಸಂಗ, ಪರಿಹಾರಕ್ಕೆ ‘ಸರಿದೂಗಿಸು’ ಅಂತ ಇಟ್ಟರೆ ಹೇಗೆ? ‘741ರ 1 ಮತ್ತು 5ನೇ ಪಿನ್ನುಗಳ ನಡುವೆ 10 ಕಿಲೋಓಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕಿ, ಅದರ ನಡುವಿನ ಕಾಲನ್ನು ಮೈನಸ್ ಸಪ್ಲೈಗೆ ಕೊಟ್ಟು, ಪಾಸಂಗ ಸರಿದೂಗಿಸಿ.’ ಓದಿದರೆ ಸಲೀಸಾಗಿದೆ ಅಲ್ವಾ?

ಇನ್ನು ಫೀಡ್‌ಬ್ಯಾಕ್. ‘ಹಿಮ್ಮಾಹಿತಿ’ ಅನ್ನುವುದು ಶಿಕ್ಷಣದ ಪುಸ್ತಕಗಳಲ್ಲಿ ನೆಲೆನಿಂತಿದೆ, ಅಲ್ಲಿ ಸರಿಯಾಗಿಯೂ ಇದೆ. ಆದರೆ ಸರ್ಕ್ಯೂಟಿನಲ್ಲಿ ಹಿಂದೆ ಬರುವುದು ಮಾಹಿತಿ ಅಲ್ಲ, ಔಟ್‌ಪುಟ್ ವೋಲ್ಟೇಜಿನ ಒಂದು ಪಾಲು. 1927ರಲ್ಲಿ ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ಹಡ್ಸನ್ ನದಿ ದಾಟುವ ದೋಣಿಯಲ್ಲಿ ಕೂತು ಪತ್ರಿಕೆಯ ಹಾಳೆಯ ಮೇಲೆ ಗೀಚಿದ್ದು ಇದನ್ನೇ: ಔಟ್‌ಪುಟ್ಟಿನ ಪಾಲನ್ನು ಉಲ್ಟಾ ಮಾಡಿ ಇನ್‌ಪುಟ್ಟಿಗೆ ಉಣಿಸುವುದು. ಗೇನ್ ಕಳೆದುಕೊಂಡು ಶುದ್ಧತೆ ಪಡೆಯುವ ಉಪಾಯ. ಇಂಗ್ಲಿಷಿನಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಅನ್ನುವ ಇದನ್ನು ‘ನಕಾರಾತ್ಮಕ ಪ್ರತಿಕ್ರಿಯೆ’ ಅಂತ ಬರೆದುಬಿಟ್ಟರೆ ಮಕ್ಕಳಿಗೆ ಯಾರೋ ಬೈದ ಹಾಗೆ ಕೇಳಿಸುತ್ತದೆ!

‘ಮರುಊಡಿಕೆ’ ಅನ್ನೋಣ ಅಂದರೆ ಬಾಯಲ್ಲಿ ಅದು ಮರುಹೂಡಿಕೆ ಆಗುತ್ತದೆ, ಬ್ಯಾಂಕಿನ ಮಾತು. ಹಾಲೂಡಿಸು ಅನ್ನುವಲ್ಲಿನ ಊಡು ಇಟ್ಟುಕೊಂಡು ‘ಹಿನ್ನೂಡಿಕೆ’ ಅಂದರೆ? ವಿರುದ್ಧ ದಿಕ್ಕಿನದು ‘ಎದುರು ಹಿನ್ನೂಡಿಕೆ’. ಜೊತೆಗೆ ಸೇರಿ ಹೆಚ್ಚಿಸುವುದು ‘ಕೂಡು ಹಿನ್ನೂಡಿಕೆ’. ಜಾತ್ರೆಯಲ್ಲಿ ಮೈಕನ್ನು ಸ್ಪೀಕರ್ ಮುಂದೆ ಹಿಡಿದಾಗ ಕುಂಯ್ ಅಂತ ಕೂಗುತ್ತದಲ್ಲ, ಅದು ಕೂಡು ಹಿನ್ನೂಡಿಕೆ.

ಪದ ನಿಲ್ಲುತ್ತದೋ ಇಲ್ಲವೋ ನೋಡಬೇಕಾದರೆ ಕಷ್ಟದ ಜಾಗದಲ್ಲೇ ನೋಡಬೇಕು. ಎದುರು ಹಿನ್ನೂಡಿಕೆ ಇದ್ದರೆ ಸುಮ್ನೆ ಎಲ್ಲ ತಪ್ಪೂ ಸರಿಹೋಗುತ್ತದೆ ಅಂತ ಮಕ್ಕಳು ತಿಳಿಯುತ್ತಾರೆ. ಇಲ್ಲ. 100 ಕಿಲೋಓಮ್ ಹಿನ್ನೂಡಿಕೆಗೆ, 1 ಕಿಲೋಓಮ್ ಗ್ರೌಂಡಿಗೆ ಹಾಕಿದರೆ ಸಿಗ್ನಲ್ 101 ಪಟ್ಟು ಬೆಳೆಯುತ್ತದೆ, ಪಾಸಂಗವೂ ಅಷ್ಟೇ ಬೆಳೆಯುತ್ತದೆ. 2 ಮಿಲಿವೋಲ್ಟ್ ಇದ್ದದ್ದು ಔಟ್‌ಪುಟ್ಟಿನಲ್ಲಿ 202. ಆ 1 ಕಿಲೋಓಮ್ ಜೊತೆ ಸಾಲಾಗಿ ಒಂದು ಕೆಪಾಸಿಟರ್ ಇಟ್ಟರೆ ಡಿಸಿಗೆ (ಏರಿಳಿಯದೆ ನಿಂತ ವೋಲ್ಟೇಜಿಗೆ) ಗೇನ್ ಬರೀ 1 ಆಗುತ್ತದೆ, ಪಾಸಂಗ 2 ಮಿಲಿವೋಲ್ಟ್ ಆಗಿಯೇ ಉಳಿಯುತ್ತದೆ. ಆಡಿಯೋದಲ್ಲಿ ಇದಕ್ಕಿಂತ ಮುಂದೆ ಹೋಗಿ ಡಿಸಿ ಸರ್ವೋ ಹಾಕುತ್ತಾರೆ: ಇನ್ನೊಂದು ಆಪ್-ಆಂಪ್ ಔಟ್‌ಪುಟ್ಟಿನ ಸರಾಸರಿಯನ್ನು ನಿಧಾನವಾಗಿ ಕೂಡಿಸಿಕೊಳ್ಳುತ್ತಾ ಅದನ್ನು ಉಲ್ಟಾ ದಿಕ್ಕಿನಲ್ಲಿ ಇನ್‌ಪುಟ್ಟಿಗೆ ಊಡುತ್ತದೆ, 1 ಮೆಗಾಓಮ್ ಮತ್ತು 1 ಮೈಕ್ರೋಫ್ಯಾರಡ್ ಇಟ್ಟರೆ ಅದರ ಟೈಮ್ ಕಾನ್‌ಸ್ಟಂಟ್ 1 ಸೆಕೆಂಡ್, ಅಷ್ಟು ನಿಧಾನ, ಹಾಗಾಗಿ 20 ಹರ್ಟ್ಝ್‌ನಿಂದ ಶುರುವಾಗುವ ಸಂಗೀತಕ್ಕೆ ಏನೂ ತೊಂದರೆ ಇಲ್ಲದೆ ಡಿಸಿ ಮಾತ್ರ ಕರಗುತ್ತದೆ. ಕೊನೆಗೆ ಔಟ್‌ಪುಟ್ಟಿನಲ್ಲಿ ಉಳಿಯುವುದು ಸರ್ವೋದ ಸ್ವಂತ ಪಾಸಂಗ. ಅದಕ್ಕೇ ಅಲ್ಲಿಗೆ ಓಪಿ-07 ತರಹದ, ಪಾಸಂಗ ತೀರಾ ಕಮ್ಮಿ ಇರುವ ಐಸಿ ಹಾಕುತ್ತಾರೆ.

ಇದೇ ಸರ್ವೋವನ್ನು ಕಬ್ಬಿನ ಕಾಟಾಗೆ ಹಾಕುವಂತಿಲ್ಲ. ಅಲ್ಲಿ ತೂಕವೇ ಡಿಸಿ. ಟ್ರಾಕ್ಟರ್ ನಿಂತಿದ್ದಂತೆಯೇ ತೂಕ ಇಳಿಯುತ್ತಾ ಸೊನ್ನೆಗೆ ಬರುತ್ತದೆ. ಅಲ್ಲಿ ಕಾಟಾ ಖಾಲಿ ಇದ್ದಾಗ ಮಾತ್ರ ಸೊನ್ನೆ ಹಿಡಿಯಬೇಕು. ಅಂದರೆ ಸರಿದೂಗಿಸುವುದರಲ್ಲೇ ಎರಡು ಬಗೆ ಇವೆ: ಒಮ್ಮೆ ಹಿಡಿದು ಬಿಡುವುದು, ಬಿಡದೆ ಹಿಡಿದೇ ಇರುವುದು. ಮೊದಲನೆಯದಕ್ಕೆ ‘ಸೊನ್ನೆ ಹಿಡಿ’ ಸಾಕು ಅನ್ನಿಸುತ್ತದೆ. ಎರಡನೆಯದಕ್ಕೆ ‘ಹಿನ್ನೂಡಿ ಸರಿದೂಗಿಸು’ ಅಂತ ಬರೆದಿದ್ದೇನೆ, ಸ್ವಲ್ಪ ಉದ್ದ ಆಯಿತು.

ಹಾಗಾಗಿ ಕೇಳುವುದು ಇಷ್ಟು. ಪಾಸಂಗ ಅನ್ನುವುದು ಹಳೇ ಮೈಸೂರು, ಕರಾವಳಿ ಕಡೆಯವರಿಗೂ ಅರ್ಥವಾಗುತ್ತದೆಯೇ, ಅಲ್ಲಿ ತಕ್ಕಡಿಯ ವಾಲಿಗೆ ಬೇರೆ ಏನಂತೀರಿ? ವಿಜಯಪುರ, ಬೆಳಗಾವಿ ಕಡೆ ಕಾಟಾ ರಿಪೇರಿ ಮಾಡುವವರ ಪರಿಚಯ ಇದ್ದರೆ, ಅವರು ಖಾಲಿ ಕಾಟಾದ ಸೊನ್ನೆ ಕೂಡಿಸುವುದಕ್ಕೆ ಬಳಸುವ ಮಾತು ಯಾವುದು ಅಂತ ಕೇಳಿ ಬರೆಯಿರಿ. ಹಿನ್ನೂಡಿಕೆಗಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ಅದನ್ನೂ ತಿಳಿಸಿ. ಈ ಸೆಮಿಸ್ಟರಿನ ಹಾಳೆಗಳು ಇನ್ನೂ ಅಚ್ಚಿಗೆ ಹೋಗಿಲ್ಲ.